ಅರ್ಧ ಕೂಲಿಯ ಉರಿ

ಆ ಸಾಲಿನಲ್ಲಿ ಕೂತಿದ್ದ ಹೆಂಗಸರಲ್ಲಿ ಒಬ್ಬಳಿಗೂ ಉಗುರಿರಲಿಲ್ಲ.

"ಉಗುರಿಲ್ದಿದ್ರೆ ಹಲ್ಲಲ್ಲಿ ಕೆರೀರಿ," ಎಂದ ಮ್ಯಾನೇಜರು. "ಹಲ್ಲಾದ್ರೂ ಇದಾವೋ, ಅವನ್ನೂ ನುಂಗಿ ಕೂತಿದೀರೋ? ಇದನ್ನ ನೋಡು. ಕುರುಡನಿಗೂ ಕಾಣುತ್ತೆ ಆ ಹೆಸರು. ಇದು ಅಂಗಡಿಗೆ ಹೋದ್ರೆ ಗಿರಾಕಿ ಧಣಿಗಳ ಮುಖಕ್ಕೆ ಉಗೀತಾನೆ. ಯಾರದಿದು?"

ಅವನ ಕೈಯಲ್ಲಿದ್ದ ಬಲ್ಬಿನ ನೆತ್ತಿಯ ಮೇಲೆ ಪರದೇಶದ ಅಕ್ಷರಗಳು ಅರ್ಧಂಬರ್ಧ ಉಳಿದಿದ್ದವು, ಕಾಲು ಮುರಿದುಕೊಂಡ ಇರುವೆಗಳ ಸಾಲಿನ ಹಾಗೆ. ಯಾರೂ ಮಾತಾಡದಿದ್ದಾಗ ಅದನ್ನು ಚಿಮಟಕ್ಕನ ಮಡಿಲಿಗೆ ಎಸೆದ.

"ನಿಂದೇ ಅಲ್ವೇನೇ?"

"ಇರಬಹುದು ಸಾರ್. ನಾನೇನು ನನ್ನ ಹೆಸರು ಬರೆದಿಟ್ಟಿದೀನಾ," ಎಂದಳು ಚಿಮಟಕ್ಕ. "ಬರೆದಿದ್ರೆ ಅದನ್ನೂ ನಾನೇ ಉಜ್ಜಬೇಕಿತ್ತು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾನೇಜರನ ದನಿ ಕೀರಲಾಯಿತು. ಆ ದನಿಗಾಗಿಯೇ ಹೆಂಗಸರು ಅವನಿಗೆ ಜೀರುಂಡೆ ಎಂದು ಹೆಸರಿಟ್ಟಿದ್ದರು. "ಬಾಯಿ ಜಾಸ್ತಿ ಆಯ್ತು ಮುಂಡೇವಕ್ಕೆ. ಅರ್ಧ ಕೂಲಿಗೇ ಇಷ್ಟು ಕೊಬ್ಬು. ಪೂರ್ತಿ ಕೊಟ್ಟಿದ್ರೆ ನಮ್ಮ ತಲೆ ಮೇಲೇ ಹತ್ತಿ ಕೂತಿರ್ತಿದ್ರಿ," ಎಂದು ಬೈಯುತ್ತ ಗೋದಾಮಿನ ಕಡೆ ಹೋದ.

ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಹೆಸರಿನ ಮುಕ್ಕಾಲು ಪಾಲು ಹೋಗುತ್ತಿತ್ತು. ಉಳಿದದ್ದು ಗಾಜಿಗೆ ಕಚ್ಚಿಕೊಂಡಿರುತ್ತಿತ್ತು. ಬ್ಲೇಡು ಹಾಕಿದರೆ ಗೀರು ಬೀಳುತ್ತದೆ, ಗೀರು ಬಿದ್ದ ಬಲ್ಬನ್ನು ಅಂಗಡಿಯವನು ಮುಟ್ಟುವುದಿಲ್ಲ. ಹಾಗಾಗಿ ಉಗುರಿನಲ್ಲೇ ಕೆರೆಯಬೇಕು. ಥಿನ್ನರ್ ಉಗುರನ್ನು ಮೊದಲು ಹಳದಿ ಮಾಡಿತು, ಆಮೇಲೆ ಮೆತ್ತಗೆ ಮಾಡಿತು, ಕೊನೆಗೆ ನೆನೆದ ಕಾಗದದ ಹಾಗೆ ಪದರ ಪದರವಾಗಿ ಎಬ್ಬಿಸಿತು. ಉಗುರು ಹೋದ ಮೇಲೆ ಹೆಂಗಸರು ಬೆರಳಿನ ತುದಿಯಿಂದಲೇ ಉಜ್ಜುತ್ತಿದ್ದರು. ಊಟ ಮಾಡುವಾಗ ಉಪ್ಪು ತಾಗಿದರೆ ಜೀವ ಹೋದಂತಾಗುತ್ತಿತ್ತು.

ಉಜ್ಜಿದ ಬಲ್ಬು ಸಾಲಿನ ಕೊನೆಗೆ ಹೋಗುತ್ತಿತ್ತು. ಅಲ್ಲಿ ಕೂತಿದ್ದವಳು ಎಲ್ಲರಿಗಿಂತ ಹಿರಿಯಳಾದ ಗಾಜಜ್ಜಿ. ಅವಳು ರಬ್ಬರ್ ಮೊಹರನ್ನು ಮಸಿಗೆ ಅದ್ದಿ, ಅದೇ ನೆತ್ತಿಯ ಮೇಲೆ ತಮ್ಮ ಕಾರ್ಖಾನೆಯ ಹೆಸರು ಒತ್ತುತ್ತಿದ್ದಳು. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ, ನಮ್ಮ ನಾಡಿನಲ್ಲೇ ತಯಾರಾದದ್ದು, ಎಂದಿತ್ತು.

"ಹೆತ್ತವಳು ಯಾವಳೋ, ಹೆಸರಿಡೋಳು ನಾನು," ಎನ್ನುತ್ತಿದ್ದಳು ಗಾಜಜ್ಜಿ. "ಒಂದೂ ಅಳಲ್ಲ, ಅಷ್ಟೇ ಪುಣ್ಯ."

ಅದೇ ಬೆಂಚಿನ ಮೇಲೆ ಅದೇ ಹೆಂಗಸರು ಒಂದು ಕಾಲಕ್ಕೆ ಬಲ್ಬು ಮಾಡುತ್ತಿದ್ದರು. ಕೂದಲಿಗಿಂತ ತೆಳುವಾದ ತಂತಿಯ ಸುರುಳಿಯನ್ನು ಚಿಮಟದಲ್ಲಿ ಎತ್ತಿ, ಎರಡು ಕಂಬಿಗಳ ನಡುವೆ ಕೂರಿಸಿ, ಎರಡೂ ತುದಿ ಒತ್ತಬೇಕು. ಉಸಿರು ತಾಗಿದರೂ ಸುರುಳಿ ಹಾರಿಹೋಗುತ್ತದೆ. ಆದ್ದರಿಂದ ಆ ಬೆಂಚಿನ ಹೆಂಗಸರು ಮಾತಿನ ನಡುವೆ ಉಸಿರು ಕಟ್ಟಿ, ಸುರುಳಿ ಕೂರಿಸಿ, ಆಮೇಲೆ ಮಾತು ಮುಂದುವರಿಸುವುದನ್ನು ಕಲಿತಿದ್ದರು. "ನನ್ನ ಗಂಡ ನಿನ್ನೆ ಕುಡಿದು ಬಂದು" ಎಂದವಳು ಎರಡು ಸುರುಳಿ ಕೂರಿಸುವವರೆಗೆ ಸುಮ್ಮನಿದ್ದು "ಬಾಗಿಲಲ್ಲೇ ಬಿದ್ದ" ಎನ್ನುತ್ತಿದ್ದಳು. ಕೇಳುವವರೂ ಅಷ್ಟು ಹೊತ್ತು ಕಾಯುತ್ತಿದ್ದರು. ಚಿಮಟಕ್ಕ ಆ ಬೆಂಚಿನಲ್ಲಿ ಎಲ್ಲರಿಗಿಂತ ಚುರುಕು. ಹೆಸರು ಅಲ್ಲಿಂದಲೇ ಬಂದದ್ದು. ಈಗ ಉಜ್ಜುವ ಕೆಲಸಕ್ಕೆ ಉಸಿರು ಕಟ್ಟುವ ಅಗತ್ಯವೇನೂ ಇರಲಿಲ್ಲ. ಆದರೂ ಹೆಂಗಸರ ಮಾತು ನಡುವೆ ನಿಲ್ಲುತ್ತಲೇ ಇತ್ತು. ಥಿನ್ನರಿನ ಗಬ್ಬಿನಲ್ಲಿ ಹಾಗೆ ಉಸಿರು ಕಟ್ಟುವುದೂ ಒಂದು ಉಪಕಾರವೇ ಆಗಿತ್ತು.

ಬೆಂಚಿನ ಹಿಂದಿನ ಗೋಡೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಆ ಗೋಡೆಯಾಚೆ ಕುಲುಮೆ. ಒಂದು ಕೋಣೆಯಷ್ಟು ದೊಡ್ಡ ಇಟ್ಟಿಗೆಯ ತೊಟ್ಟಿ, ಮೇಲೆ ಕಮಾನು, ಒಳಗೆ ಕರಗಿದ ಗಾಜು. ಎಣ್ಣೆಯ ಪೈಪಿನಿಂದ ಉರಿ. ಅದನ್ನು ನೋಡಿಕೊಳ್ಳುವವನು ಚಿಮಟಕ್ಕನ ಅಣ್ಣ. ಅವನ ಹುಬ್ಬು ಸುಟ್ಟುಹೋಗಿ ಮತ್ತೆ ಬೆಳೆಯುವುದನ್ನೇ ಮರೆತಿತ್ತು. ಅವನ ಜೊತೆ ಇನ್ನೊಬ್ಬ ಕುಲುಮೆಯವನಿದ್ದ, ಪಾಳಿ ಬದಲಾದಾಗ ಬರುವವನು. ಕುಲುಮೆ ಕಟ್ಟಿ ಹೊತ್ತಿಸಿದ ದಿನದಿಂದ ಒಮ್ಮೆಯೂ ಆರಿರಲಿಲ್ಲ. ಆರುವಂತಿರಲೂ ಇಲ್ಲ.

"ಬಿಸಿಗೆ ಇಟ್ಟಿಗೆ ಉಬ್ಬಿ ಒಂದನ್ನೊಂದು ಒತ್ತಿ ಹಿಡ್ಕೊಂಡಿರ್ತವೆ," ಎಂದು ಅಣ್ಣ ಅವಳಿಗೆ ಒಮ್ಮೆ ಹೇಳಿದ್ದ. "ಕಮಾನಿಗೆ ಗಾರೆ ಗೀರೆ ಏನೂ ಇಲ್ಲ. ಬಿಸಿಯೇ ಗಾರೆ. ತಣ್ಣಗಾಯ್ತು ಅಂದ್ರೆ ಇಟ್ಟಿಗೆ ಕುಗ್ಗುತ್ತೆ, ಕಮಾನು ಕುಸಿಯುತ್ತೆ. ಆಮೇಲೆ ಅದು ಕುಲುಮೆಯಲ್ಲ, ಕಲ್ಲು ರಾಶಿ."

ಪರದೇಶದ ಬಲ್ಬಿನ ಪೆಟ್ಟಿಗೆಗಳು ಮೊದಲ ಸಲ ಲಾರಿಯಿಂದ ಇಳಿದಾಗ ಧಣಿ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹೇಳಿದ್ದ. ಹಡಗಿನಲ್ಲಿ ಬರೋ ಬಲ್ಬು ನಾವು ಮಾಡೋದಕ್ಕಿಂತ ಅಗ್ಗ, ನಾನೇನು ಹುಚ್ಚನಾ ನಷ್ಟ ಮಾಡ್ಕೊಳ್ಳೋಕೆ, ಕುಲುಮೆ ಆರಿಸ್ತೀನಿ, ಎಲ್ಲರೂ ಮನೆಗೆ ನಡೀರಿ. ಗಾಜು ಊದಿ ಬಲ್ಬಿನ ಬುರುಡೆ ಮಾಡುವವರು ಅವತ್ತೇ ಹೋದರು. ಊದುವ ಯಂತ್ರ ಗುಜರಿಗೆ ಹೋಯಿತು. ಉಳಿದವರು ಧಣಿಯ ಮನೆಯ ಗೇಟಿನ ಮುಂದೆ ಬಿಸಿಲಲ್ಲಿ ನಿಂತರು. ಧಣಿ ಊಟ ಮುಗಿಸಿ, ಮಲಗಿ, ಎದ್ದು ಹೊರಗೆ ಬಂದಾಗ ಚಿಮಟಕ್ಕನ ಅಣ್ಣ ಅವನ ಕಾಲು ಹಿಡಿದ. "ಉರಿ ಒಂದು ಆರಿಸಬೇಡಿ ಧಣಿ. ಸಂಬಳ ಬೇಕಾದ್ರೆ ಕಡಿಮೆ ಮಾಡಿ. ಉರಿ ಇದ್ರೆ ಇವತ್ತಲ್ಲ ನಾಳೆ ಬಲ್ಬು ಮಾಡಬಹುದು."

ಧಣಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟ. ಆಮೇಲೆ, ನಿಮ್ಮ ಮುಖ ನೋಡಿ ಎಣ್ಣೆ ಸುಡ್ತೀನಿ, ಅರ್ಧ ಕೂಲಿ, ಪೆಟ್ಟಿಗೆ ಬಿಚ್ಚಿ ಹೆಸರು ಉಜ್ಜೋ ಕೆಲಸ, ಒಪ್ಪಿಗೆಯಿದ್ರೆ ನಾಳೆ ಬನ್ನಿ, ಎಂದ. ಬರುವಾಗ ದಾರಿಯುದ್ದಕ್ಕೂ ಅವರು ಧಣಿಯನ್ನು ಹೊಗಳುತ್ತ ಬಂದರು. ಗಾಜಜ್ಜಿಯಂತೂ, ಹಳೇ ಧಣಿಯ ಗುಣ ಮಗನಿಗೆ ಬಂದಿದೆ, ಎಂದು ಕಣ್ಣೊರೆಸಿಕೊಂಡಳು.

ಅಂದಿನಿಂದ ಕುಲುಮೆ ಸಣ್ಣ ಉರಿಯಲ್ಲಿ ಬೇಯುತ್ತಿತ್ತು. ಗಾಜು ಒಳಗೇ ಕರಗಿ ಒಳಗೇ ಇರುತ್ತಿತ್ತು. ಅಣ್ಣ ಉದ್ದ ಸಲಾಕೆಯಿಂದ ಅದನ್ನು ಕದಡುತ್ತಿದ್ದ, ಮೇಲೆ ಕಟ್ಟಿದ ಕೆನೆಯನ್ನು ತೆಗೆದು ನೆಲಕ್ಕೆ ಚೆಲ್ಲುತ್ತಿದ್ದ. ಚೆಲ್ಲಿದ್ದು ತಣ್ಣಗಾಗಿ ಚೂರಾಗುತ್ತಿತ್ತು. ಚೂರನ್ನು ಮತ್ತೆ ಒಳಗೆ ಹಾಕುತ್ತಿದ್ದ. ಕೆಲಸ ಅಂದರೆ ಅಷ್ಟೇ.

ಮನೆಯಲ್ಲಿ ಅತ್ತಿಗೆ ಇದನ್ನು ಸಹಿಸುತ್ತಿರಲಿಲ್ಲ. ಕಾರ್ಮಿಕರ ಸಾಲುಮನೆಯಲ್ಲಿ ಅವರದು ಒಂದೇ ಕೋಣೆ, ನಡುವೆ ಒಂದು ಪರದೆ. ಪರದೆಯ ಈಚೆ ಚಿಮಟಕ್ಕ, ಆಚೆ ಅಣ್ಣ ಅತ್ತಿಗೆ. ಗಂಡ ಬಿಟ್ಟುಹೋದ ಮೇಲೆ ಅವಳನ್ನು ಕರೆತಂದು ಈ ಕೋಣೆಯಲ್ಲೂ ಆ ಬೆಂಚಿನಲ್ಲೂ ಕೂರಿಸಿದ್ದು ಅಣ್ಣನೇ.

"ನಿಮ್ಮಣ್ಣನಿಗೆ ನಾನೊಬ್ಬಳು ಹೆಂಡತಿ ಇದೀನಿ ಅಂತ ಮರೆತುಹೋಗಿದೆ," ಎಂದಳು ಅತ್ತಿಗೆ, ಅನ್ನ ಬಡಿಸುತ್ತ. "ಆ ಬೆಂಕಿ ಹತ್ರ ಮಾತಾಡ್ತಾರಂತೆ. ನನ್ನ ಹತ್ರ ಉಪ್ಪು ಕೊಡು ಅನ್ನೋಕೂ ಸನ್ನೆ."

"ಅದು ತಿರುಗಿ ಮಾತಾಡಲ್ಲ," ಎಂದ ಅಣ್ಣ.

"ಅಯ್ಯೋ ನನ್ನ ಗಂಡ ಮಾತಾಡಿದ್ರು. ಬರೆದಿಟ್ಕೊಳ್ಳಿ ಯಾರಾದ್ರೂ," ಎಂದಳು ಅತ್ತಿಗೆ. ಆಮೇಲೆ ನಾದಿನಿಯ ಬೆರಳು ನೋಡಿದಳು. ಅನ್ನವನ್ನು ತಾನೇ ಕಲಸಿ, ಒಂದು ಚಮಚ ಹುಡುಕಿ ತಟ್ಟೆಯಲ್ಲಿಟ್ಟಳು. "ಅರ್ಧ ಕೂಲಿಗೆ ಪೂರ್ತಿ ಕೈ ಕೊಟ್ಟು ಬಂದಿದೀಯ. ಏನಕ್ಕೆ ಅಂತ ಕೇಳಿದ್ರೆ ಕುಲುಮೆ ಅಂತೀರಿ ಇಬ್ರೂ. ಆ ಕುಲುಮೆ ಏನು ಹೆರುತ್ತೆ ಅಂತ ಕಾಯ್ತಿದೀರಿ?"

"ಉರಿ ಇರೋವರೆಗೂ ಕಾರ್ಖಾನೆ ಇರುತ್ತೆ," ಎಂದ ಅಣ್ಣ. "ಇಲ್ಲಾಂದ್ರೆ ಅವನು ಯಾಕೆ ಎಣ್ಣೆ ಸುಡ್ತಾನೆ? ಅವನಿಗೂ ಮನಸ್ಸಲ್ಲಿದೆ, ಮತ್ತೆ ಶುರು ಮಾಡಬೇಕು ಅಂತ."

ಚಿಮಟಕ್ಕನೂ ಹಾಗೇ ನಂಬಿದ್ದಳು. ಆ ಬೆಂಚಿನ ಮೇಲೆ ಮತ್ತೆ ಸುರುಳಿ ಬರುತ್ತದೆ, ಚಿಮಟ ಬರುತ್ತದೆ, ಅಲ್ಲಿಯವರೆಗೆ ಉಜ್ಜಿದರಾಯಿತು. ಉಗುರು ಮತ್ತೆ ಬೆಳೆಯುವಂಥದ್ದು.

ಮರುದಿನ ಬೆಳಿಗ್ಗೆ ಬೆಂಚಿನ ಮೇಲೆ ಥಿನ್ನರ್ ಡಬ್ಬಗಳಿರಲಿಲ್ಲ. ಹಳೆಯ ಚಿಮಟಗಳಿದ್ದವು. ಕಂಬಿಗಳಿದ್ದವು. ಒಂದು ತಗಡಿನ ಡಬ್ಬಿಯಲ್ಲಿ ಹಳೆಯ ಸುರುಳಿಗಳು, ಧೂಳು ಹಿಡಿದವು. ಹೆಂಗಸರು ಬಾಗಿಲಲ್ಲೇ ನಿಂತುಬಿಟ್ಟರು.  ಚಿಮಟಕ್ಕ ಓಡಿಹೋಗಿ ತನ್ನ ಜಾಗದಲ್ಲಿ ಕೂತಳು. ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ, ಚಿಮಟವನ್ನು ಹಾಗೆ ಹಿಡಿದುಕೊಂಡಳು.

"ಅಷ್ಟೊಂದು ಹಿಗ್ಗಬೇಡ," ಎಂದ ಜೀರುಂಡೆ. "ಇವತ್ತೊಂದು ದಿನ. ತಪಾಸಣೆ ಸಾಹೇಬ್ರು ಬರ್ತಿದಾರೆ. ಅವರಿರೋವರೆಗೂ ಬಲ್ಬು ಮಾಡೋ ಹಾಗೆ ಕೂತಿರಿ. ಹೋದ ಮೇಲೆ ಡಬ್ಬ ವಾಪಸ್ ಕೊಡ್ತೀನಿ. ಕೈ ಬಟ್ಟೆ ಒಳಗೆ ಮುಚ್ಕೊಳ್ಳಿ, ನಾರುತ್ತೆ."

"ಕೈ ಮುಚ್ಕೊಂಡು ಬಲ್ಬು ಹೆಂಗೆ ಮಾಡೋದು ಸಾರ್?" ಎಂದಳು ಗಾಜಜ್ಜಿ.

"ಮಾಡು ಅಂದ್ನಾ? ಮಾಡೋ ಹಾಗೆ ಅಂದೆ. ಮುದುಕಿ, ಸಾಯೋ ಕಾಲಕ್ಕೆ ತಲೆಹರಟೆ."

ಕಾಯುವ ಹೊತ್ತಿನಲ್ಲಿ ಚಿಮಟಕ್ಕ ಸುಮ್ಮನೆ ಕೂರಲಾರದೆ ಡಬ್ಬಿಯಿಂದ ಒಂದು ಸುರುಳಿ ಎತ್ತಲು ಹೋದಳು. ಬೆರಳಿನ ತುದಿಗೆ ಚಿಮಟದ ಒತ್ತು ತಿಳಿಯಲಿಲ್ಲ. ಸುರುಳಿ ಜಾರಿತು. ಇನ್ನೊಂದು ಎತ್ತಿದಳು, ಅದೂ ಜಾರಿತು. ಮೂರನೆಯದು ಚಿಮಟದಲ್ಲೇ ಜಜ್ಜಿಹೋಯಿತು. ಪಕ್ಕದವಳು ನೋಡಿಯೂ ನೋಡದ ಹಾಗೆ ಮುಖ ಆಚೆ ತಿರುಗಿಸಿದಳು. ಚಿಮಟಕ್ಕ ಚಿಮಟವನ್ನು ಮೆಲ್ಲಗೆ ಕೆಳಗಿಟ್ಟಳು.

ಸಾಹೇಬ ಬಂದ. ಧಣಿ ಅವನ ಹೆಗಲ ಮೇಲೆ ಕೈ ಹಾಕಿಕೊಂಡಿದ್ದ. ಸಾಹೇಬ ಬೆಂಚಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ ಮೂಗು ಮುಚ್ಚಿಕೊಂಡ.

"ಧಣಿಗಳೇ, ಬಣ್ಣದಂಗಡಿಗೆ ಬಂದ ಹಾಗಿದೆಯಲ್ರೀ."

"ಗೋಡೆಗೆ ಬಣ್ಣ ಹೊಡೆಸಿದೀವಿ ಸಾರ್," ಎಂದ ಜೀರುಂಡೆ.

ಸಾಹೇಬ ಗೋಡೆ ನೋಡಿದ. ಮಸಿ ಹಿಡಿದ ಗೋಡೆ. ನಕ್ಕುಬಿಟ್ಟ. ಧಣಿಯೂ ನಕ್ಕ. ಸಾಹೇಬ ಚಿಮಟಕ್ಕನ ಬಟ್ಟೆಯ ತುದಿಯನ್ನು ತನ್ನ ಪೆನ್ನಿನಿಂದ ಎತ್ತಿ ಅವಳ ಬೆರಳು ನೋಡಿದ, ಸತ್ತ ಹಲ್ಲಿಯನ್ನು ಕಡ್ಡಿಯಿಂದ ತಿರುವಿ ನೋಡುವ ಹಾಗೆ. "ಛೆ," ಎಂದು ಪೆನ್ನನ್ನು ಕರವಸ್ತ್ರದಿಂದ ಒರೆಸಿಕೊಂಡ. ಆಮೇಲೆ ಅಲ್ಲೇ, ಅವಳ ತಲೆಯ ಮೇಲೆಯೇ, ಅವಳು ಒಂದು ಮೇಜೋ ಕುರ್ಚಿಯೋ ಎನ್ನುವ ಹಾಗೆ ಧಣಿಯ ಹತ್ತಿರ ಮಾತಿಗೆ ನಿಂತ.

"ನೋಡಿ ಧಣಿಗಳೇ, ಇವರು ಉಜ್ತಾರೋ ಒರೆಸ್ತಾರೋ ನನಗೆ ಬೇಡದ ವಿಷಯ. ಕುಲುಮೆ ಕೆಂಪಗಿರಬೇಕು. ಕಾನೂನಿನಲ್ಲಿ ಅಷ್ಟೇ ಇರೋದು. ಕುಲುಮೆ ಉರೀತಿದ್ರೆ ನೀವು ತಯಾರಕರು. ಆರಿದ್ರೆ ಅಂಗಡಿಯವರು. ಅಂಗಡಿಯವರ ಹತ್ರ ಸರ್ಕಾರಿ ಕಚೇರಿಗೆ, ಶಾಲೆಗೆ, ಆಸ್ಪತ್ರೆಗೆ ಬಲ್ಬು ಕೊಳ್ಳೋ ಹಾಗಿಲ್ಲ. ನಾಳಿದ್ದು ಮೇಲಿನವರು ಬರ್ತಾರೆ. ಅವತ್ತು ಮಾತ್ರ ಉರಿ ಜೋರಾಗಿರಲಿ."

"ಅದನ್ನ ನೀವು ನನಗೆ ಹೇಳಬೇಕಾ?" ಎಂದ ಧಣಿ. "ಮನೆ ದೀಪ ಆರಿದ್ರೂ ಅದು ಆರಲ್ಲ. ಇಷ್ಟು ದಿನ ಸುಮ್ನೆ ಎಣ್ಣೆ ಸುಟ್ಟಿದೀನಾ?"

"ಕೂಲಿಯವರು ತಕರಾರು ಗಿಕರಾರು?"

"ಎಲ್ಲಿಯ ತಕರಾರು. ಉರಿ ಆರಿಸ್ತೀನಿ ಅಂದ್ರೆ ಸಾಕು, ಕಾಲಿಗೆ ಬೀಳ್ತವೆ."

ಅವರು ಕುಲುಮೆಯ ಕಡೆಗೆ ಹೋದರು. ಚಿಮಟಕ್ಕ ಕೂತಲ್ಲೇ ಕೂತಿದ್ದಳು. ಪಕ್ಕದವಳು ಏನೋ ಕೇಳಿದಳು, ಇವಳಿಗೆ ಕೇಳಿಸಲಿಲ್ಲ. ಧಣಿಯ ಕಾಲ ಮೇಲಿದ್ದ ಅಣ್ಣನ ಎರಡು ಕೈ ಮಾತ್ರ ಕಣ್ಣೆದುರು ಕಾಣುತ್ತಿತ್ತು. ತಾವು ಬೇಡಿ ಪಡೆದದ್ದು ಧಣಿಗೇ ಬೇಕಾಗಿದ್ದದ್ದು. ಅವನಿಗೆ ಬೇಕಾದ ಉರಿಗೆ ತಾವು ಅರ್ಧ ಕೂಲಿ ಬಿಟ್ಟುಕೊಟ್ಟು, ಮೇಲೆ ಕಾಲನ್ನೂ ಹಿಡಿದಿದ್ದರು.

ಸಾಹೇಬನ ಕಾರು ಗೇಟು ದಾಟಿದ ಮೇಲೆ ಅವಳು ಬೆಂಚಿನ ಹೆಂಗಸರಿಗೆ ಕೇಳಿದ್ದೆಲ್ಲ ಹೇಳಿದಳು. ನಡುವೆ ಒಂದು ಕಡೆಯೂ ಉಸಿರು ಕಟ್ಟಲಿಲ್ಲ. "ಬೋಳಿಮಗ," ಎಂದಳು ಗಾಜಜ್ಜಿ. "ನಾನು ಅತ್ತಿದ್ದೆ ಕಣೇ ಅವನಿಗೋಸ್ಕರ. ದಾರಿಯಲ್ಲಿ ನಿಂತು ಅತ್ತಿದ್ದೆ."

ಕುಲುಮೆಯ ಹತ್ತಿರ ಹೋಗಿ ಹೇಳಿದಾಗ ಅಣ್ಣ ನಂಬಲಿಲ್ಲ. "ಹಂಗೆಲ್ಲ ಇರಲ್ಲ. ನೀನು ತಪ್ಪು ಕೇಳಿಸ್ಕೊಂಡಿರಬೇಕು."

"ನನ್ನ ತಲೆ ಮೇಲೆ ನಿಂತು ಮಾತಾಡಿದಾರೆ. ತಪ್ಪು ಕೇಳಿಸ್ಕೊಳ್ಳೋಕೆ ದೂರ ಎಲ್ಲಿತ್ತು?"

ಅಣ್ಣ ಸಲಾಕೆ ಕೆಳಗಿಟ್ಟು ಕುಲುಮೆಯ ಕಿಂಡಿಯನ್ನೇ ನೋಡುತ್ತ ನಿಂತ. ಅವನು ಯಾವತ್ತೂ ಸಿಟ್ಟಾದವನಲ್ಲ. ಆವತ್ತೂ ಆಗಲಿಲ್ಲ. "ಹೋಗಿ ಕೇಳೋಣ," ಎಂದ. "ನಾಳೆ ಬೆಳಿಗ್ಗೆ. ಮರ್ಯಾದೆಯಿಂದ ಕೇಳೋಣ."

ಬೆಳಿಗ್ಗೆ ಎಲ್ಲರೂ ಕುಲುಮೆಯ ಮುಂದೆ ನಿಂತರು. ಧಣಿ ಬಂದ. ಪೂರ್ತಿ ಕೂಲಿ ಬೇಕು, ಬೆಂಚಿನ ಕೆಲಸ ವಾಪಸ್ ಬೇಕು ಎಂದು ಅಣ್ಣ ಕೈಕಟ್ಟಿಕೊಂಡು ಹೇಳಿದ. ಧಣಿ ಅವನ ಮಾತು ಮುಗಿಯುವವರೆಗೂ ಕಾದು, ಜೀರುಂಡೆಯ ಕಡೆ ತಿರುಗಿ, "ಇವನಿಗೇನು ಕುಡಿಸಿದಾರೋ?" ಎಂದ. ಆಮೇಲೆ ಎಂದಿನ ಮಾತನ್ನೇ ಎತ್ತಿದ.

"ಆಯ್ತು. ನಿಮಗೆ ನನ್ನ ಉಪಕಾರ ಬೇಡ ಅಲ್ವಾ? ನನಗೂ ಸಾಕಾಗಿದೆ ಎಣ್ಣೆ ಸುಟ್ಟು ಸುಟ್ಟು. ಆರಿಸಿ ಅದನ್ನ. ಈಗ್ಲೇ ಆರಿಸಿ."

ಎಲ್ಲರೂ ಅಣ್ಣನ ಕಡೆ ನೋಡಿದರು. ಅವನ ಮೊಣಕಾಲು ತಾನಾಗೇ ಬಾಗುವಂತಿತ್ತು. ಅಭ್ಯಾಸಬಲ. ಧಣಿಯೂ ಅದನ್ನೇ ಕಾಯುತ್ತ ಒಂದು ಕಾಲನ್ನು ಸ್ವಲ್ಪ ಮುಂದಕ್ಕೆ ಇಟ್ಟಿದ್ದ.

"ಅಣ್ಣ, ಧಣಿಗಳು ಹೇಳಿದ್ದು ಕೇಳಿಸ್ತಲ್ಲ," ಎಂದಳು ಚಿಮಟಕ್ಕ. "ಆರಿಸು."

ಅಣ್ಣ ಅಲ್ಲಾಡಲಿಲ್ಲ. ಅವನಿಂದಾಗದು ಎಂದು ಅವಳಿಗೆ ಗೊತ್ತಾಯಿತು. ಅವಳೇ ಹೋದಳು. ಎಣ್ಣೆಯ ಪೈಪಿಗೆ ಕಬ್ಬಿಣದ ಸಣ್ಣ ಚಕ್ರವಿತ್ತು. ಎರಡೂ ಕೈಯಿಂದ ಹಿಡಿದು ತಿರುಗಿಸಿದಳು. ಬೆರಳಿನ ತುದಿಗಳು ಬಿರಿದು ರಕ್ತ ಬಂತು. ಚಕ್ರ ಕೊನೆಯವರೆಗೂ ತಿರುಗಿತು. ಒಳಗೆ ಇಷ್ಟು ವರ್ಷ ಯಾರೂ ಗಮನಿಸದೆ ಕೇಳುತ್ತಿದ್ದ ಭೋರೆನ್ನುವ ಸದ್ದು ನಿಂತಿತು. ಅದು ನಿಂತ ಮೇಲೇ ಅದೊಂದು ಸದ್ದು ಎಂದು ಎಲ್ಲರಿಗೂ ತಿಳಿದದ್ದು.

ಧಣಿಯ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದಕ್ಕೆ ಹಿಡಿತ ತಪ್ಪಿತ್ತು. "ಏಯ್. ಏನು ಮಾಡಿದೆ ನೀನು?"

"ನೀವು ಹೇಳಿದ್ದು."

"ತಿರುಗಿಸೇ ಅದನ್ನ. ನಾಯಿ ಮುಂಡೆ, ತಿರುಗಿಸು."

ಚಿಮಟಕ್ಕ ಚಕ್ರವನ್ನು ಅದರ ಮೊಳೆಯಿಂದ ಬಿಚ್ಚಿ, ಕಿಂಡಿಯೊಳಕ್ಕೆ ಎಸೆದಳು. ಕೆಂಪು ಗಾಜಿನ ಮೇಲೆ ಅದು ಒಂದು ಕ್ಷಣ ಕಪ್ಪಗೆ ನಿಂತು, ಆಮೇಲೆ ಆತುರವಿಲ್ಲದೆ ಮುಳುಗಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಪೈಪಿನ ಸುತ್ತ ಕೂತರು. ಗಾಜಜ್ಜಿ ಪೈಪಿಗೇ ಬೆನ್ನು ಒರಗಿಸಿ ಕಾಲು ಚಾಚಿದಳು.

ಚಕ್ರವಿಲ್ಲದ ಮೊಳೆಯನ್ನು ತಿರುಗಿಸಲು ಜೀರುಂಡೆ ಇಕ್ಕಳ ತಂದ. ಹೆಂಗಸರನ್ನು ದಾಟಿ ಹೋಗಲು ನೋಡಿದ. "ಮುಟ್ಟಿ ನೋಡು," ಎಂದಳು ಗಾಜಜ್ಜಿ. "ಸಾಯೋ ಕಾಲಕ್ಕೆ ಒಂದು ಒಳ್ಳೆ ಕೆಲಸ ಮಾಡಿ ಸಾಯ್ತೀನಿ." ಅವನು ಇಕ್ಕಳ ಹಿಡಿದುಕೊಂಡೇ ನಿಂತ.

ಧಣಿ ಮೊದಲು ಬೈದ. ಪೊಲೀಸರನ್ನು ಕರೆಸುತ್ತೇನೆ ಎಂದ. ಆದರೆ ಕರೆಸಲಿಲ್ಲ. ಪೊಲೀಸರು ಬಂದರೆ ಗೋದಾಮು ನೋಡುತ್ತಾರೆ, ಗೋದಾಮಿನ ಪೆಟ್ಟಿಗೆಗಳ ಮೇಲಿದ್ದ ಪರದೇಶದ ಹೆಸರನ್ನು ಯಾರೂ ಉಜ್ಜಿರಲಿಲ್ಲ. ಆಮೇಲೆ ಅಣ್ಣನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದ, ನಿನ್ನೆ ಸಾಹೇಬನಿಗೆ ಹಾಕಿದ್ದ ಹಾಗೇ. "ನೋಡಪ್ಪ, ನೀನು ನಮ್ಮಪ್ಪನ ಕಾಲದವನು. ಹೆಂಗಸರ ಮಾತು ಕಟ್ಕೊಂಡು ಏನು? ನೀನೊಬ್ಬ ಹಚ್ಚು. ನಿನ್ನೊಬ್ಬನಿಗೆ ಪೂರ್ತಿ ಸಂಬಳ. ನಿನ್ನ ತಂಗಿಗೂ ಬೇಕಾದ್ರೆ ಕೊಡೋಣ."

ಅಣ್ಣ ಅವನ ಕೈಯನ್ನು ಹೆಗಲಿನಿಂದ ತೆಗೆದು ಕೆಳಗೆ ಬಿಟ್ಟ. 

ಮಧ್ಯಾಹ್ನ ದಾಟುವಾಗ ಗಾಜು ಕೆಂಪಿನಿಂದ ಕಂದು ಬಣ್ಣಕ್ಕೆ ತಿರುಗುತ್ತ ಬಂತು. ಮೊದಲ ಇಟ್ಟಿಗೆ ಸದ್ದು ಮಾಡಿತು, ಬೆರಳು ನೆಟಿಕೆ ಮುರಿದ ಹಾಗೆ.  ಅಣ್ಣ ಗೋಡೆಗೆ ಅಂಗೈ ಇಟ್ಟು ನಿಂತ. ಇನ್ನೊಂದು ಸದ್ದು. ಇನ್ನೊಂದು. "ಇನ್ನೂ ಹೊತ್ತಿದೆ," ಎಂದ, ಯಾರಿಗೂ ಅಲ್ಲ. "ಈಗ ಹಚ್ಚಿದ್ರೂ ಹಿಡ್ಕೊಳ್ಳುತ್ತೆ."

ಆ ಮಾತು ಧಣಿಯ ಕಿವಿಗೆ ಬಿತ್ತು. ಅವನು ಬೆವರುತ್ತಿದ್ದ. ಕುಲುಮೆ ಉರಿಯುವಾಗಲೂ ಅವನು ಇಷ್ಟು ಬೆವರಿದವನಲ್ಲ. "ಆಯ್ತು ಕಣ್ರೇ," ಎಂದ. "ಪೂರ್ತಿ ಕೂಲಿ. ಎಲ್ಲರಿಗೂ. ಹಚ್ಚಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಎದ್ದೇ ಬಿಟ್ಟರು.

"ಬೆಂಚಿನ ಕೆಲಸ?" ಎಂದಳು ಚಿಮಟಕ್ಕ.

"ಅದು ಹೆಂಗೆ ಆಗುತ್ತೆ? ಬಲ್ಬು ಹೊರಗಿಂದ್ಲೇ ಬರೋದು. ಉಜ್ಜೋ ಕೆಲಸ, ಪೂರ್ತಿ ಕೂಲಿ. ಇನ್ನೇನು ಬೇಕು ನಿಮಗೆ?"

"ಹಂಗಾದ್ರೆ ಈ ಉರಿ?"

"ಇರುತ್ತೆ. ಇದ್ದ ಹಾಗೇ ಇರುತ್ತೆ."

"ತೋರಿಸೋಕೆ."

"ಹೌದು, ತೋರಿಸೋಕೆ. ಅದರಲ್ಲಿ ನಿನಗೇನು ಕಷ್ಟ?"

"ಒಪ್ಕೊಳ್ಳೇ," ಎಂದಳು ಎದ್ದು ನಿಂತವರಲ್ಲಿ ಒಬ್ಬಳು. "ಪೂರ್ತಿ ಕೂಲಿ ಕೊಡ್ತಾನಂತೆ. ನನ್ನ ಮನೇಲಿ ಮೂರು ಬಾಯಿ ಇದಾವೆ. ಉಜ್ಜೋದೇ ಆದ್ರೂ ಉಜ್ಜೋಣ."

"ಎಷ್ಟು ದಿನ ಕೊಡ್ತಾನೆ? ನಾಳೆ ಮೇಲಿನವರು ಬಂದು ಹೋಗೋವರೆಗೂ," ಎಂದಳು ಚಿಮಟಕ್ಕ.

"ನೀನು ಒಂಟಿ. ನಿನಗೆ ಹೇಳೋಕೆ ಸುಲಭ."

"ಉಜ್ಜೋಕೆ ಬೆರಳೆಲ್ಲಿದೆ ನಿನಗೆ? ತೋರಿಸು. ತೋರಿಸೇ."

"ಜಗಳ ಆಡಬೇಡ್ರೇ," ಎಂದಳು ಗಾಜಜ್ಜಿ. "ಹೊರಗಿನ ಬಲ್ಬು ಅರ್ಧ, ನಮ್ಮದು ಅರ್ಧ ಅಂತ ಕೇಳಿ."

"ಅರ್ಧ ಆಗಲ್ಲ," ಎಂದ ಧಣಿ.

"ಹಂಗಾದ್ರೆ ಕಾಲು ಭಾಗ."

"ಮುದುಕಿ, ಇದೇನು ಸಂತೇನಾ? ಊದೋ ಯಂತ್ರ ಗುಜರಿಗೆ ಹೋಗಿದೆ."

"ವಾಪಸ್ ತನ್ನಿ. ತರ್ತೀನಿ ಅಂತ ನಾಲ್ಕು ಜನರ ಮುಂದೆ ಹೇಳಿ."

"ಹೇಳಿದ್ರೆ ಹಚ್ತೀರಾ?"

"ಹೇಳಿಬಿಟ್ರೆ ಸಾಕಾ, ಬರೀ ಮಾತಲ್ಲಿ?" ಎಂದಳು ಚಿಮಟಕ್ಕ. ಎದ್ದು ನಿಂತಿದ್ದವಳು ಅವಳ ಭುಜ ಹಿಡಿದು ನೂಕಿದಳು. ಚಿಮಟಕ್ಕ ಅವಳ ಕೈ ತಳ್ಳಿದಳು. ಮೂರು ನಾಲ್ಕು ದನಿಗಳು ಒಟ್ಟಿಗೇ ಎದ್ದವು. ಜೀರುಂಡೆಯೂ ನಡುವೆ ಕಿರುಚುತ್ತಿದ್ದ. ಎಲ್ಲರ ಗದ್ದಲದಲ್ಲಿ ಅಣ್ಣ ಎರಡು ಸಲ "ಸುಮ್ಮನಿರಿ" ಎಂದದ್ದು ಯಾರಿಗೂ ಕೇಳಿಸಲಿಲ್ಲ. ಮೂರನೆಯ ಸಲ ಅವನು ಹೇಳಲಿಲ್ಲ. ಚಿಮಟಕ್ಕನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡ. ಗಾಜಜ್ಜಿಯನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಿದ.

ಕಮಾನಿನ ನಡುವಿನ ಒಂದು ಇಟ್ಟಿಗೆ ಜಾರಿ, ಗಟ್ಟಿಯಾಗುತ್ತಿದ್ದ ಗಾಜಿನ ಮೇಲೆ ಬಿತ್ತು. ಅದು ಮುಳುಗಲಿಲ್ಲ, ಮೇಲೇ ಕೂತಿತು. ಒಂದು ಕ್ಷಣ ಏನೂ ಆಗಲಿಲ್ಲ. ಧಣಿ, "ಹಚ್ಚಿ, ಯಂತ್ರ ತರ್ತೀನಿ, ಹಚ್ಚಿ," ಎಂದ. ಆಮೇಲೆ ಕಮಾನು ಎರಡೂ ಕಡೆಯಿಂದ ಒಳಕ್ಕೆ ಬಂತು. ಸದ್ದು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಬಿಸಿ ಧೂಳು ಎದ್ದು ಎಲ್ಲರ ಮುಖಕ್ಕೂ ಬಡಿಯಿತು. ಧೂಳು ಇಳಿದಾಗ ಅವರೆಲ್ಲರ ಮುಖವೂ ಕೂದಲೂ ಒಂದೇ ಬಣ್ಣವಾಗಿದ್ದವು, ಧಣಿಯದೂ ಸೇರಿ.

ಯಾರೂ ಯಾರನ್ನೂ ಬೈಯಲಿಲ್ಲ. ಜೀರುಂಡೆ ಇಕ್ಕಳವನ್ನು ನೆಲದ ಮೇಲಿಟ್ಟ. ಮೂರು ಬಾಯಿ ಇದಾವೆ ಎಂದಿದ್ದವಳು ಅಲ್ಲೇ ಕುಕ್ಕರಿಸಿದಳು. ಅಣ್ಣ ಹತ್ತಿರ ಹೋಗಿ, ಕುಸಿದ ಇಟ್ಟಿಗೆಯ ರಾಶಿಯಲ್ಲಿ ಎಲ್ಲಾದರೂ ಕೆಂಪು ಉಳಿದಿದೆಯೋ ಎಂದು ಬಾಗಿ ಬಾಗಿ ನೋಡಿದ. ಚಿಮಟಕ್ಕ ಅವನ ಪಕ್ಕ ಹೋಗಿ ನಿಂತಳು. ಅವನು ಅವಳ ಕಡೆ ತಿರುಗಲಿಲ್ಲ.

"ಮನೆಗೆ ಹೋಗು," ಎಂದ. "ಅತ್ತಿಗೆಗೆ ನಾನೇ ಹೇಳ್ತೀನಿ."

ಆವತ್ತು ಹೋದದ್ದು ಒಂದು ಕುಲುಮೆ, ಬೆಂಚಿನ ಇಪ್ಪತ್ತಾರು ಹೆಂಗಸರ ಕೆಲಸ, ಇಬ್ಬರು ಕುಲುಮೆಯವರ ಕೆಲಸ, ಧಣಿಯ ಸರ್ಕಾರಿ ಆರ್ಡರು ಒಂದು. ಗೋದಾಮಿನ ಪೆಟ್ಟಿಗೆಗಳಲ್ಲಿದ್ದ ಬಲ್ಬುಗಳಲ್ಲಿ ಒಡೆದದ್ದು ಒಂದೂ ಇಲ್ಲ.